‘ಹೋ, ಹೋ’ ಅಂದ್ರೆ ತಿಳೀತು ಅಂತಲ್ಲ

ವಿಡಿಯೋದಲ್ಲಿ ಹೇಳಿದ್ದನ್ನೇ ಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರ್ ಎಂಜಿನಿಯರ್. ಔಷಧದ ಪ್ರಮಾಣ ನಿಮ್ಮ ಡಾಕ್ಟರನ್ನೇ ಕೇಳಿ. ನಾನು ಹೇಳೋದು ಅದಕ್ಕೂ ಮುಂಚಿನ ಮಾತು: ರೋಗಿಗೆ ಕಲಿಸೋಕೆ ಕೂರೋ ಮೊದಲು, ಅವರು ಆ ಹೊತ್ತಿಗೆ ಕಲಿಯೋ ಸ್ಥಿತಿಯಲ್ಲಿ ಇದ್ದಾರಾ ಅಂತ ನೋಡೋದು.

ನಮ್ಮ ಅವ್ವ ವಿಜಯಪುರದವಳು, ಈಗ ಪುಣೆಯಲ್ಲಿ ನಮ್ಮ ಜೊತೆ ಇದ್ದಾಳೆ. ಕಳೆದ ವರ್ಷ ಇಲ್ಲಿನ ಒಂದು ಆಸ್ಪತ್ರೆಯಲ್ಲಿ, ಸಕ್ಕರೆ ಬಹಳ ಏರಿದೆ, ಇನ್ಸುಲಿನ್ ಶುರು ಮಾಡಬೇಕು ಅಂದ್ರು. ಅದೇ ಅರ್ಧ ಗಂಟೆಯಲ್ಲಿ ಪಕ್ಕದ ಕೋಣೆಯಲ್ಲಿ ಪಾಠ. ಅವ್ವ ರಕ್ತಪರೀಕ್ಷೆಗೆ ಅಂತ ಬೆಳಗಿನಿಂದ ಏನೂ ತಿಂದಿರಲಿಲ್ಲ. ಚಾಳೀಸು ಮನೆಯಲ್ಲಿ ಬಿಟ್ಟು ಬಂದಿದ್ದಳು, ಇನ್ಸುಲಿನ್ ಪೆನ್ನಿನ ಮೇಲಿನ ಅಂಕಿ ಕಾಣ್ತಿರಲಿಲ್ಲ. ಹೇಳಿದ್ದು ಮರಾಠಿಯಲ್ಲಿ, ಅವಳ ಮರಾಠಿ ತರಕಾರಿ ಕೊಳ್ಳೋವಷ್ಟು. ಪ್ರತಿ ಮಾತಿಗೂ "ಹೋ, ಹೋ" ಅಂದಳು. "ಏನಾದ್ರೂ ಕೇಳೋದಿದೆಯಾ?" ಅಂದ್ರೆ ಇಲ್ಲ ಅಂದಳು. ನಾನೂ ತಲೆ ಆಡಿಸಿ, ಮರಾಠಿ ಪುಸ್ತಿಕೆ ಇಸ್ಕೊಂಡು ಬಂದೆ.

ಆಷಾಢ ಏಕಾದಶಿ ರಾತ್ರಿ ಹನ್ನೊಂದಕ್ಕೆ ಅವ್ವ ಬೆವರಿನಲ್ಲಿ ತೊಯ್ದು ಹೋಗಿದ್ದಳು, ಕೈ ನಡುಗ್ತಿತ್ತು, ಮಾತು ತೊದಲುತ್ತಿತ್ತು. ಮೀಟರ್ 54 ತೋರಿಸಿತು. 70ಕ್ಕಿಂತ ಕೆಳಗೆ ಬಂದ್ರೇ ತಕ್ಷಣ ಸಕ್ಕರೆ ಕೊಡಬೇಕು. ಎಚ್ಚರ ಇದ್ದಳು, ನುಂಗೋಕೆ ಆಗ್ತಿತ್ತು. ಹಾಗಾಗಿ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿದೆ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದೆ, 82. (ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಓಡಿ.)

ಉಪವಾಸ ಅಂತ ಒಂದು ಬಾಳೆಹಣ್ಣು ತಿಂದಿದ್ದಳಷ್ಟೆ. ಇನ್ಸುಲಿನ್ ಮಾತ್ರ ತಪ್ಪದೆ ಹಾಕ್ಕೊಂಡಿದ್ದಳು, "ತಪ್ಪಿಸಬ್ಯಾಡ್ರಿ ಅಂದಿದ್ರಲ್ಲಾ" ಅಂತ. ಊಟದ ಮಾತು ಅವಳಿಗೆ ಮುಟ್ಟೇ ಇರಲಿಲ್ಲ.

ನರ್ಸಿಂಗ್ ಪಾಠದಲ್ಲಿ ಇದಕ್ಕೆ ನಾಲ್ಕು ಕಡೆಯಿಂದ ನೋಡು ಅಂತಾರೆ: ದೇಹ, ಮನಸ್ಸು, ಹಿಂದಿನ ಅನುಭವ, ಈಗಿರೋ ತಿಳುವಳಿಕೆ. ಹಸಿವು, ಚಾಳೀಸು ಇವೆಲ್ಲ ದೇಹದ ಲೆಕ್ಕ, ಸರಿ ಮಾಡೋದು ಸುಲಭ. ನಮ್ಮ ಕೆಲಸದಲ್ಲಿ ಇನ್‌ಸ್ಟಾಲರ್ ಕೂಡ ಮೊದಲು ಮಷೀನಲ್ಲಿ ಜಾಗ ಇದೆಯಾ ಅಂತ ನೋಡುತ್ತೆ, ನಾನು ಅದನ್ನೂ ಮಾಡಿರಲಿಲ್ಲ.

ಕಷ್ಟ ಇದ್ದದ್ದು ಉಳಿದ ಮೂರರಲ್ಲಿ. ಮರುದಿನ ಪಾಠ ಬಿಟ್ಟು, "ಅವ್ವಾ, ನಿನಗ ಈ ಶುಗರ್ ಯಾಕ ಬಂತು ಅನಸ್ತದ?" ಅಂತ ಕೇಳಿದೆ. "ನನಗೆಲ್ಲಿ ಶುಗರ್ ಬಿಡೋ? ದಪ್ಪ ಇದ್ದವ್ರಿಗೆ ಬರ್ತದ. ನಾ ನೋಡಿದ್ರ ಕಡ್ಡಿ" ಅಂದಳು. ಆಮೇಲೆ ಸಣ್ಣ ದನಿಯಲ್ಲಿ, "ನಮ್ಮ ಅಣ್ಣಗ ಸೂಜಿ ಶುರು ಮಾಡಿದ ವರ್ಷಾನ ಕಾಲು ತಗದ್ರು." ಸೂಜಿ ಅಂದ್ರೆ ಅವಳ ಲೆಕ್ಕದಲ್ಲಿ ಕೊನೆಯ ಹಂತ. ಅಂಥವಳಿಗೆ ನಾವು ಪೆನ್ ತಿರುಗಿಸೋದು ಕಲಿಸ್ತಿದ್ವಿ!

ಪ್ರೊಚಾಸ್ಕಾ ಮತ್ತು ಡಿಕ್ಲೆಮೆಂಟೆ 1983ರಲ್ಲಿ, ಸಿಗರೇಟು ಬಿಡೋರು ಹಂತ ಹಂತವಾಗಿ ಬದಲಾಗ್ತಾರೆ ಅಂತ ಬರೆದರು. ಮೊದಲ ಹಂತದವರಿಗೆ ತಮಗೆ ತೊಂದರೆ ಇದೆ ಅಂತಾನೇ ಅನಿಸಿರೋದಿಲ್ಲ. ಅವ್ವ ಅಲ್ಲೇ ಇದ್ದಳು.

ಅವಳ ಸಂಶಯಕ್ಕೆ ಉತ್ತರ ಪುಣೆಯಲ್ಲೇ ಇತ್ತು. ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತ ಫೋಟೋ 2004ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಇಬ್ಬರದೂ ಬಿಎಂಐ 22.3. ಆದರೆ ಮೈಕೊಬ್ಬು ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ತೆಳ್ಳಗೆ ಕಾಣೋ ನಮ್ಮವರ ಮೈಯಲ್ಲೂ ಕೊಬ್ಬು ಅಡಗಿರುತ್ತೆ. ಫೋಟೋ ಮೊಬೈಲ್‌ನಲ್ಲಿ ತೋರಿಸಿದೆ. ಅವ್ವ ಬಹಳ ಹೊತ್ತು ನೋಡಿ, "ಡಾಕ್ಟರಿಗೇ ಹಿಂಗಂದ್ರ…" ಅಂದಳು. ಅಣ್ಣನ ಕಾಲಿನ ಮಾತು ಅಷ್ಟು ಬೇಗ ಮುಗೀಲಿಲ್ಲ. ಸೂಜಿಯಿಂದ ಕಾಲು ಹೋಗಲ್ಲ, ವರ್ಷಗಟ್ಟಲೆ ಏರಿದ ಸಕ್ಕರೆಯಿಂದ ಹೋಗೋದು ಅಂತ ಡಾಕ್ಟರೇ ಎರಡು ಸಲ ಹೇಳಬೇಕಾಯ್ತು, ನಾನು ಕನ್ನಡಕ್ಕೆ ತಿರುಗಿಸಿದೆ.

ಈಗ "ತಿಳೀತಾ?" ಅಂತ ಕೇಳೋದು ಬಿಟ್ಟಿದ್ದೇನೆ. "ಸೊಸೆಗೆ ನೀನೇ ಹೇಳಿಕೊಡು" ಅಂತೀನಿ. ಹೋದ ವಾರ ಅವ್ವ ಚಾಳೀಸು ಹಾಕ್ಕೊಂಡು ಪೆನ್ ಹಿಡಿದು ನನ್ನ ಹೆಂಡತಿಗೆ ತೋರಿಸ್ತಾ, ನಡುವೆ ನಿಲ್ಲಿಸಿ, ನನ್ನ ಕಡೆ ತಿರುಗಿದಳು: "ಮುಂದಿನ ಏಕಾದಶಿಗೆ ಎಷ್ಟು ಹಾಕ್ಕೋಬೇಕು? ಡಾಕ್ಟರಿಗೆ ಫೋನ್ ಹಚ್ಚು, ನಾನ ಕೇಳ್ತೀನಿ."