ಮಾಳಿಗೆಯ ಮೇಲಣ ಸೋಲಾರ್ ಫಲಕಗಳು: ‘ಪುಕ್ಕಟೆ’ ಎಂಬ ಮಾತಿನ ಲೆಕ್ಕ

ಕೊಪ್ಪಳ ತಾಲ್ಲೂಕಿನ ಅಳವಂಡಿ ಸೀಮೆಯು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಎರೆಭೂಮಿ. ಜೋಳ, ಕಡಲೆ, ಸೂರ್ಯಕಾಂತಿ, ಹತ್ತಿಗಳನ್ನು ಬೆಳೆಯುವ ಇಲ್ಲಿನ ಒಕ್ಕಲಿಗರಿಗೆ ಮಳೆ ತಪ್ಪಿದ ವರ್ಷಗಳು ಹಲವು ನೆನಪಿರಬಹುದು. ಬಿಸಿಲು ತಪ್ಪಿದ ವರ್ಷವು ಯಾರಿಗೂ ನೆನಪಿರಲಾರದು. ಆದುದರಿಂದ ಬಿಸಿಲಿನಿಂದ ವಿದ್ಯುಚ್ಛಕ್ತಿಯನ್ನು ಹುಟ್ಟಿಸುವ ಫಲಕಗಳನ್ನು ಮನೆಯ ಮೇಲೆ ಪುಕ್ಕಟೆಯಾಗಿ ಹಾಕಿಕೊಡುವರೆಂಬ ಮಾತು ಕಿವಿಗೆ ಬಿದ್ದೊಡನೆ ಮನೆಯೊಡೆಯರ ಮನಸ್ಸು ಅತ್ತ ತಿರುಗುವುದು ಸಹಜವೇ ಆಗಿದೆ. ಇಂತಹ ವಿಷಯಗಳಲ್ಲಿ ಊರಿನ ಜನರು ಮೊದಲು ಕೇಳುವುದು ಗೌಡರನ್ನೂ ಹಿರಿಯ ಜಮೀನುದಾರರನ್ನೂ. ಅವರು ಉತ್ತರ ಹೇಳುವುದಕ್ಕೆ ಮೊದಲು ನೋಡಿಕೊಳ್ಳತಕ್ಕ ಲೆಕ್ಕವು ಸ್ವಲ್ಪ ಉಂಟು.

ಕೇಂದ್ರ ಸರಕಾರದವರು 2024ನೆಯ ಇಸವಿ ಫೆಬ್ರವರಿ ತಿಂಗಳಲ್ಲಿ ‘ಪಿ.ಎಂ. ಸೂರ್ಯ ಘರ್ ಮುಫ್ತ್ ಬಿಜಲಿ ಯೋಜನೆ’ ಎಂಬುದನ್ನು ಜಾರಿಗೆ ತಂದರು. ಒಂದು ಕೋಟಿ ಮನೆಗಳ ಮೇಲೆ ಫಲಕಗಳನ್ನು ಹಾಕಿಸಬೇಕೆಂಬುದು ಅದರ ಉದ್ದೇಶ. ಅದಕ್ಕಾಗಿ 75,021 ಕೋಟಿ ರೂಪಾಯಿಗಳ ವೆಚ್ಚವು ಮಂಜೂರಾಗಿ, 2026-27ರ ಆರ್ಥಿಕ ವರ್ಷದವರೆಗೆ ಅವಧಿಯು ಗೊತ್ತುಪಡಿಸಲ್ಪಟ್ಟಿತು. ಹೆಸರಿನಲ್ಲಿರುವ ‘ಮುಫ್ತ್’ ಎಂಬ ಶಬ್ದದಿಂದ ಅನೇಕರು ಫಲಕಗಳೇ ಮುಫತ್ತಾಗಿ ಬರುವುವೆಂದು ಭಾವಿಸಿರುವರು. ಇದು ಸರಿಯಲ್ಲ. ಮುಫತ್ತಾಗುವುದು ಫಲಕಗಳಿಂದ ಹುಟ್ಟುವ ಕರೆಂಟು. ಫಲಕಗಳಿಗೆ ದೊರೆಯುವುದು ಸಹಾಯಧನ ಮಾತ್ರ. ಮೊದಲಿನ ಎರಡು ಕಿಲೋವಾಟಿಗೆ ತಲಾ 30,000 ರೂಪಾಯಿ, ಮೂರನೆಯ ಕಿಲೋವಾಟಿಗೆ 18,000 ರೂಪಾಯಿ, ಅಂದರೆ ಒಟ್ಟು 78,000 ರೂಪಾಯಿಗಳಿಗೆ ಮಿತಿ. ಸರಕಾರದವರು ಗೊತ್ತುಮಾಡಿದ ಆಧಾರಬೆಲೆಯ ಮೇರೆಗೆ ಎರಡು ಕಿಲೋವಾಟಿನ ಸಲಕರಣೆಗೆ ಒಂದು ಲಕ್ಷ ರೂಪಾಯಿ ತಗಲುವುದು. ಅದರಲ್ಲಿ 40,000 ರೂಪಾಯಿಗಳನ್ನು ಮನೆಯೊಡೆಯನೇ ಭರಿಸಬೇಕು. ಅಂಗಡಿಯವರು ಹೇಳುವ ಬೆಲೆಯು ಆಧಾರಬೆಲೆಗಿಂತ ಹೆಚ್ಚಾಗಿದ್ದಲ್ಲಿ ಆ ಹೆಚ್ಚಳವೆಲ್ಲವೂ ಮನೆಯೊಡೆಯನ ತಲೆಯ ಮೇಲೆಯೇ ಬೀಳುವುದು, ಸಹಾಯಧನವು ಬೆಳೆಯುವುದಿಲ್ಲ.

ಇನ್ನು ಆದಾಯದ ಕಡೆ. ಒಂದು ಕಿಲೋವಾಟಿನ ಫಲಕಗಳು ದಿನಕ್ಕೆ ಸುಮಾರು ನಾಲ್ಕು ಯೂನಿಟ್, ತಿಂಗಳಿಗೆ 100ರಿಂದ 120 ಯೂನಿಟ್ ಕೊಡುವುವು. ಮೋಡದ ತಿಂಗಳುಗಳಲ್ಲಿ ಇದಕ್ಕಿಂತ ಕಡಿಮೆ. ಆದರೆ ಯೂನಿಟ್ ಹುಟ್ಟಿದ ಮಾತ್ರಕ್ಕೆ ಹಣವು ಉಳಿಯಿತೆಂದು ತಿಳಿಯಕೂಡದು. ಆ ಯೂನಿಟ್ಟಿಗಾಗಿ ಮನೆಯವನು ಇದುವರೆಗೆ ದುಡ್ಡು ಕೊಡುತ್ತಿದ್ದರೆ ಮಾತ್ರ ಅದು ಉಳಿತಾಯ. ಕರ್ನಾಟಕದ ಮನೆಗಳಲ್ಲಿ ಈ ಪ್ರಶ್ನೆಯೇ ಮುಖ್ಯವಾದುದು. ಏಕೆಂದರೆ ರಾಜ್ಯ ಸರಕಾರದವರು 2023ನೆಯ ಇಸವಿಯಲ್ಲಿ ಆರಂಭಿಸಿದ ಗೃಹಜ್ಯೋತಿ ಯೋಜನೆಯ ಮೇರೆಗೆ ಹಳ್ಳಿಯ ಬಹುಪಾಲು ಮನೆಗಳ ಬಿಲ್ಲು ಸೊನ್ನೆಗೆ ಇಳಿದಿದೆ. ಆ ಯೋಜನೆಯಲ್ಲಿ 2022-23ನೆಯ ವರ್ಷದ ಸರಾಸರಿ ಬಳಕೆಗೆ ಶೇಕಡಾ ಹತ್ತರಷ್ಟನ್ನು ಕೂಡಿಸಿ, 200 ಯೂನಿಟ್ಟುಗಳ ಮಿತಿಯೊಳಗೆ ಪ್ರತಿ ಮನೆಗೂ ಒಂದು ಪ್ರಮಾಣವನ್ನು ಗೊತ್ತುಮಾಡಲಾಯಿತು. ಆ ಪ್ರಮಾಣವನ್ನು ಮೀರಿದರೆ ಮೀರಿದಷ್ಟಕ್ಕೆ ಹಣ. 200 ಯೂನಿಟ್ಟನ್ನೇ ಮೀರಿದ ತಿಂಗಳಲ್ಲಿ ಪೂರ್ತಿ ಬಿಲ್ಲು.

ಈಗ ಮೂರು ಬಗೆಯ ಮನೆಗಳನ್ನು ಕಲ್ಪಿಸಿಕೊಳ್ಳಬಹುದು. ತಿಂಗಳಿಗೆ 50 ಯೂನಿಟ್ ಉರಿಸುವ ಕೂಲಿಕಾರನ ಮನೆಗೆ ಈಗ ಬರುತ್ತಿರುವ ಬಿಲ್ಲು ಸೊನ್ನೆ. ಫಲಕಗಳನ್ನು ಹಾಕಿದ ಮೇಲೂ ಅದು ಸೊನ್ನೆಗಿಂತ ಕೆಳಗೆ ಇಳಿಯಲಾರದು. ಅಂತಹವನು ಸಾಲ ಮಾಡಿ ಇದಕ್ಕೆ ಕೈಹಾಕುವುದು ನಿಷ್ಪ್ರಯೋಜಕ. ಎರಡನೆಯದು, 110 ಯೂನಿಟ್ ಮಾಫಿಯುಳ್ಳ, 150 ಯೂನಿಟ್ ಉರಿಸುವ ಮಧ್ಯಮ ಮನೆ. 2025ರ ಏಪ್ರಿಲಿನಲ್ಲಿ ಜಾರಿಗೆ ಬಂದ, ಯೂನಿಟ್ಟಿಗೆ 5 ರೂಪಾಯಿ 80 ಪೈಸೆಯ ದರದಿಂದ ನೋಡಿದರೆ ಮೀರಿದ 40 ಯೂನಿಟ್ಟಿಗೆ ತಿಂಗಳಿಗೆ 232 ರೂಪಾಯಿ ಆಗುವುದು. ಇಷ್ಟನ್ನು ಉಳಿಸುವುದಕ್ಕಾಗಿ ಒಂದು ಕಿಲೋವಾಟ್ ಹಾಕಿಸಿದರೆ, ಆಧಾರಬೆಲೆಯಲ್ಲಿ ಕೈಯಿಂದ ಹೋಗುವ 20,000 ರೂಪಾಯಿಯು ಹಿಂತಿರುಗಲು ಏಳು ವರ್ಷಗಳು ಹಿಡಿಯುವುವು.

ಮೂರನೆಯದು ದೊಡ್ಡ ಕುಟುಂಬದ ಮನೆ: ತಂಪುಪೆಟ್ಟಿಗೆ, ಬೋರಿನ ನೀರೆತ್ತುವ ಮೋಟಾರು, ಹಿಟ್ಟಿನ ಸಣ್ಣ ಗಿರಣಿ, ಬೇಸಿಗೆಯಲ್ಲಿ ಹಗಲಿರುಳೂ ತಿರುಗುವ ಫ್ಯಾನುಗಳು. ಇಲ್ಲಿ 260 ಯೂನಿಟ್ ಖರ್ಚಾದರೆ ಮಾಫಿಯೇ ಇಲ್ಲ. ಎರಡು ಕಿಲೋವಾಟಿನ ಫಲಕಗಳು 200 ಯೂನಿಟ್ಟಿನ ಹಣವನ್ನು ತಪ್ಪಿಸಿದರೂ ತಿಂಗಳಿಗೆ 1,160 ರೂಪಾಯಿ, ವರ್ಷಕ್ಕೆ 13,920 ರೂಪಾಯಿ ಉಳಿಯುವುದು. 40,000 ರೂಪಾಯಿಯ ಬಂಡವಾಳವು ಮೂರು ವರ್ಷಗಳೊಳಗೆ ಬರುವುದು. ಅಂಗಡಿಯವರು 1,40,000 ರೂಪಾಯಿ ಬೆಲೆ ಕಟ್ಟಿದರೂ ಆರು ವರ್ಷಗಳೊಳಗೆ. ಫಲಕಗಳ ಆಯುಷ್ಯವು 25 ವರ್ಷಗಳೆಂದು ಎಣಿಸುವ ರೂಢಿಯಿದೆ. ಇನ್ವರ್ಟರೆಂಬ ಯಂತ್ರವು ಅಷ್ಟು ಬಾಳುವುದಿಲ್ಲ. ನಡುವೆ ಒಂದು ಸಲವಾದರೂ ಅದನ್ನು ಬದಲಾಯಿಸುವ ಖರ್ಚನ್ನು ಸೇರಿಸಿಕೊಳ್ಳತಕ್ಕದ್ದು. ಮಂಜೂರಾದ ಲೋಡಿನ ಮೇಲಣ ನಿಗದಿತ ಶುಲ್ಕವೂ ತಪ್ಪುವುದಿಲ್ಲ. ಇಷ್ಟಾದರೂ ಇಂತಹ ಮನೆಗೆ ಇದು ಲಾಭದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ.

ಉಳಿದ ಕರೆಂಟನ್ನು ಮಾರಿ ಹಣ ಮಾಡಬಹುದೆಂಬ ಆಸೆಯನ್ನು ಕೆಲವರು ಹುಟ್ಟಿಸುವರು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದವರು 2013ರಲ್ಲಿ, ಸಹಾಯಧನ ಪಡೆಯದ ಮಾಳಿಗೆಯ ಫಲಕಗಳ ಕರೆಂಟಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆಯನ್ನು ಗೊತ್ತುಮಾಡಿದ್ದುದು ನಿಜ. ಆಗ ಎಷ್ಟೋ ಜನರು ಮಾಳಿಗೆಯನ್ನೇ ಹೊಲವೆಂದು ಬಗೆದರು. 2016ರಲ್ಲಿ ಚಿಕ್ಕ ಮನೆಗಳ ದರವು 7 ರೂಪಾಯಿ 8 ಪೈಸೆಗೆ ಇಳಿಯಿತು. ಫಲಕಗಳ ಬೆಲೆ ಇಳಿದಂತೆಲ್ಲ ದರವೂ ಇಳಿದು, ಆ ಮೊದಲಿನ ಕಾಲವು ಮುಗಿದಿದೆ. ಮನೆಯೊಳಗೆ ಉರಿಸುವಷ್ಟಕ್ಕೆ ತಕ್ಕಂತೆ ಫಲಕಗಳನ್ನು ಹಾಕಿಸುವುದೇ ಯುಕ್ತ.

ಒಂದು ಪೈಯನ್ನೂ ಪಡೆಯದೆ ಫಲಕಗಳನ್ನು ಹಾಕಿಕೊಡುವ ಮತ್ತೊಂದು ಪದ್ಧತಿಯೂ ಉಂಟು. ಇದರಲ್ಲಿ ಫಲಕಗಳ ಒಡೆತನವು ಕರಾರಿನ ಅವಧಿಯವರೆಗೆ ಕಂಪನಿಯದಾಗಲಿ ವಿದ್ಯುತ್ ಸರಬರಾಜು ಸಂಸ್ಥೆಯದಾಗಲಿ ಆಗಿರುವುದು. ಮನೆಯವನಿಗೆ ಕರೆಂಟಿನಲ್ಲಿ ಒಂದಿಷ್ಟು ಅನುಕೂಲ. ಇದಕ್ಕೆ ಕೇಂದ್ರ ಸರಕಾರದವರು 2024ರ ಡಿಸೆಂಬರಿನಲ್ಲಿ ನಿಯಮಗಳನ್ನು ಪ್ರಕಟಿಸಿದರು. ಭೂಮಿಯನ್ನು ಲಾವಣಿಗೆ ಕೊಟ್ಟು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ: ಇದು ಮಾಳಿಗೆಯ ಲಾವಣಿ. ಲಾವಣಿಯಲ್ಲಿ ಮುಖ್ಯವಾದುದು ಪತ್ರ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸೋಲಾರ್ ಪಾರ್ಕಿಗೆ ರೈತರು ಸುಮಾರು 13,000 ಎಕರೆಗಳನ್ನು ಮಾರದೆ ಲಾವಣಿಗೇ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯೆಂದೂ, ಎರಡು ವರ್ಷಕ್ಕೊಮ್ಮೆ ಶೇಕಡಾ ಐದರಂತೆ ಏರಿಕೆಯೆಂದೂ ಪತ್ರದಲ್ಲಿ ಬರೆಯಿಸಿಕೊಂಡರು. ಅಲ್ಲಿ ಹಣವೂ ಅವಧಿಯೂ ಸ್ಪಷ್ಟ. ಇಂಗ್ಲೆಂಡಿನಲ್ಲಿ ಆದುದು ಬೇರೆ. 2010ರ ಏಪ್ರಿಲಿನಲ್ಲಿ ಅಲ್ಲಿನ ಸರಕಾರವು ಇಂತಹ ಕರೆಂಟಿಗೆ ಯೂನಿಟ್ಟಿಗೆ 41.3 ಪೆನ್ಸಿನಂತೆ ಕೊಡತೊಡಗಿದಾಗ, ಕಂಪನಿಗಳು ಮನೆಗಳ ಮೇಲೆ ಪುಕ್ಕಟೆಯಾಗಿ ಫಲಕಗಳನ್ನು ಹಾಕಿ, ಆ ಹಣವನ್ನು ತಾವೇ ತೆಗೆದುಕೊಳ್ಳುವಂತೆ 25 ವರ್ಷಗಳ ಗುತ್ತಿಗೆಯನ್ನು ಬರೆಸಿಕೊಂಡವು. ಮುಂದೆ ಆ ಮನೆಗಳನ್ನು ಮಾರಲು ಹೋದಾಗ ಮಾಳಿಗೆಯ ಮೇಲೆ ಮತ್ತೊಬ್ಬರ ಹಕ್ಕಿರುವುದನ್ನು ಕಂಡು ಸಾಲ ಕೊಡುವ ಸಂಸ್ಥೆಗಳು ಹಿಂದೆಗೆದ ಪ್ರಸಂಗಗಳು ನಡೆದುವು.

ನಮ್ಮ ಕಡೆಯಲ್ಲಿ ಮನೆಯು ಮಾರಾಟಕ್ಕಿಂತ ಹೆಚ್ಚಾಗಿ ಹಿಸ್ಸೆಯಲ್ಲಿ ಕೈ ಬದಲಾಯಿಸುವುದು. ಅಣ್ಣತಮ್ಮಂದಿರು ಬೇರೆಯಾದಾಗ ಫಲಕಗಳು ಯಾರ ಪಾಲು, ಮೇಲೊಂದು ಅಂತಸ್ತು ಕಟ್ಟಬೇಕಾದರೆ ಅವುಗಳನ್ನು ಇಳಿಸುವ ಖರ್ಚು ಯಾರದು, ಸೋರಿದರೆ ಹೊಣೆ ಯಾರು, ಅವಧಿ ಮುಗಿದ ಮೇಲೆ ಒಡೆತನವು ಯಾರಿಗೆ, ಈ ನಾಲ್ಕಕ್ಕೆ ಪತ್ರದಲ್ಲಿ ಕನ್ನಡದಲ್ಲಿಯೇ ಉತ್ತರವಿಲ್ಲದಿದ್ದರೆ ಹೆಬ್ಬೆಟ್ಟನ್ನಾಗಲಿ ರುಜುವನ್ನಾಗಲಿ ಹಾಕತಕ್ಕದ್ದಲ್ಲ.

ಮಾಳಿಗೆಯ ವಿಚಾರವೂ ಉಪೇಕ್ಷೆಗೆ ತಕ್ಕುದಲ್ಲ. ಒಂದು ಕಿಲೋವಾಟಿಗೆ ಸುಮಾರು ಹತ್ತು ಚದರ ಮೀಟರ್ ನೆರಳಿಲ್ಲದ ಜಾಗ ಬೇಕು. ಈ ಸೀಮೆಯ ಹಳೆಯ ಮನೆಗಳು ತೊಲೆ ಜಂತಿಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆಗಳು; ಮಳೆಗಾಲಕ್ಕೆ ಮುಂಚೆ ಮೇಲೆ ಮಣ್ಣು ಹಾಕಿ ಬಡಿಯುವುದು ವಾಡಿಕೆ. ಫಲಕಗಳ ಕಾಲುಗಳನ್ನು ನೆಟ್ಟ ಮೇಲೆ ಆ ಕೆಲಸವು ಸಾಗದು, ಕಾಲಿನ ಬುಡದಲ್ಲಿಯೇ ನೀರಿಳಿಯುವುದು. ಭಾರಕ್ಕಿಂತಲೂ ಗಾಳಿಯದೇ ಹೆಚ್ಚು ಭಯ. ಬಯಲುಸೀಮೆಯ ಗಾಳಿಯು ಓರೆಯಾಗಿ ನಿಂತ ಫಲಕವನ್ನು ಕೆಳಗಿನಿಂದ ಎತ್ತುವುದು, ಮಣ್ಣಿನ ಮಾಳಿಗೆಯಲ್ಲಿ ಅದನ್ನು ಹಿಡಿದು ನಿಲ್ಲಿಸುವ ಬಿಗಿಯಿಲ್ಲ. ಕಾಂಕ್ರೀಟಿನ ಚಾವಣಿಯಾದರೆ ಈ ತೊಂದರೆಯಿಲ್ಲ. ತಗಡಿನದಾದರೆ ಕೆಳಗಿನ ಕಟ್ಟಿನ ಬಲವನ್ನು ಪರೀಕ್ಷಿಸಬೇಕು. ಫಲಕಗಳು ದಕ್ಷಿಣಕ್ಕೆ ಮುಖಮಾಡಿ ಸುಮಾರು 15 ಅಂಶಗಳಷ್ಟು ಓರೆಯಾಗಿರಬೇಕು. ಪಕ್ಕದ ಬೇವಿನ ಮರದ ನೆರಳು ಒಂದು ಫಲಕದ ಮೇಲೆ ಬಿದ್ದರೂ ಸಾಲಿನ ಫಲಕಗಳೆಲ್ಲವೂ ಸೊರಗಬಹುದು. ಸುಗ್ಗಿಯಲ್ಲಿ ರಾಶಿಯ ಹೊಟ್ಟು, ಬೇಸಿಗೆಯಲ್ಲಿ ದಾರಿಯ ಧೂಳು ಕೂತಾಗ ಮುಂಜಾನೆಯ ತಂಪಿನಲ್ಲಿ ಒರಸುವುದು ಮೇಲು. ಸವಳು ನೀರಿನಿಂದ ತೊಳೆದರೆ ಗಾಜಿನ ಮೇಲೆ ಬಿಳಿಯ ಪೊರೆ ಕಟ್ಟುವುದು.

ಕರೆಂಟು ಹೋದಾಗ ಮನೆಯಲ್ಲಿ ದೀಪ ಉರಿಯುವುದೆಂಬ ನಂಬಿಕೆಯೂ ತಪ್ಪು. ಬ್ಯಾಟರಿಯಿಲ್ಲದ ಸಲಕರಣೆಯು ಲೈನಿನಲ್ಲಿ ಕರೆಂಟು ನಿಂತೊಡನೆ ತಾನೂ ನಿಲ್ಲುವುದು. ಕಂಬದ ಮೇಲೆ ದುರಸ್ತಿ ಮಾಡುವವನ ಪ್ರಾಣರಕ್ಷಣೆಗಾಗಿ ಹಾಗೆ ಏರ್ಪಡಿಸಲಾಗಿದೆ. ಬ್ಯಾಟರಿಯ ವೆಚ್ಚವು ಬೇರೆ.

ಈ ಯೋಜನೆಯಲ್ಲಿ ತನ್ನ ಸೀಮೆಯ ಪ್ರತಿ ಮನೆಯ ಜೋಡಣೆಗೂ ಪಂಚಾಯಿತಿಗೆ 1,000 ರೂಪಾಯಿ ಪ್ರೋತ್ಸಾಹಧನವುಂಟು. ಜಿಲ್ಲೆಗೊಂದರಂತೆ, 5,000ಕ್ಕೂ ಹೆಚ್ಚು ಜನಸಂಖ್ಯೆಯ ಗ್ರಾಮಗಳಲ್ಲಿ ಸ್ಪರ್ಧೆಯಿಂದ ಆಯ್ದ ಮಾದರಿ ಸೋಲಾರ್ ಗ್ರಾಮಕ್ಕೆ ಒಂದು ಕೋಟಿ ರೂಪಾಯಿ ಅನುದಾನವೂ ಉಂಟು. ಇದು ಊರಿಗೆ ಒಳ್ಳೆಯದೇ. ಆದರೆ ಎಣಿಕೆಯನ್ನು ಹೆಚ್ಚಿಸುವುದಕ್ಕಾಗಿ ಸೊನ್ನೆ ಬಿಲ್ಲಿನ ಮನೆಯವನನ್ನು ಹಿರಿಯರು ಒತ್ತಾಯಪಡಿಸಬಾರದು. ಶಾಲೆ, ಪಂಚಾಯಿತಿ ಕಟ್ಟಡ, ದೊಡ್ಡ ಮನೆಗಳಿಂದ ಆರಂಭಿಸುವುದು ಲೇಸು.

ಹಾಕಿಸಲು ನಿಶ್ಚಯಿಸಿದವರು ಮೊದಲು ಮೀಟರು ಯಾರ ಹೆಸರಿನಲ್ಲಿದೆಯೆಂದು ನೋಡಿಕೊಳ್ಳಲಿ. ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಬಿಲ್ಲು ಬರುವ ಮನೆಗಳು ಹಳ್ಳಿಗಳಲ್ಲಿ ಅಪರೂಪವಲ್ಲ. ಜೆಸ್ಕಾಂ ಶಾಖಾ ಕಛೇರಿಯಲ್ಲಿ ಹೆಸರು ಬದಲಾಯಿಸಿದ ತರುವಾಯವೇ ಅರ್ಜಿ ಹಾಕುವುದು ಸರಿ. ಫಲಕಗಳನ್ನು ಹಾಕಿದ ಮೇಲೆ ಗೃಹಜ್ಯೋತಿಯ ಮಾಫಿಯನ್ನು ಬಿಲ್ಲಿನಲ್ಲಿ ಹೇಗೆ ಎಣಿಸುವರೆಂಬುದನ್ನು ಅದೇ ಕಛೇರಿಯಲ್ಲಿ ಬರಹದಲ್ಲಿ ಕೇಳಿ ಪಡೆಯತಕ್ಕದ್ದು. ಸಹಾಯಧನವು ಹೊಸ ಮೀಟರು ಕೂತು, ಪರೀಕ್ಷೆಯಾದ ಮೇಲೆ ನೇರವಾಗಿ ಅರ್ಜಿದಾರನ ಬ್ಯಾಂಕ್ ಖಾತೆಗೆ ಬರುವುದೇ ಹೊರತು ಯಾವ ದಲ್ಲಾಳಿಯ ಕೈಯಿಂದಲೂ ಬರುವುದಿಲ್ಲ. ಅದನ್ನು ಕೊಡಿಸುವೆನೆಂದು ಮುಂಗಡ ಕೇಳುವವನಿಗೆ ಒಂದು ರೂಪಾಯಿಯನ್ನೂ ಕೊಡಬೇಕಾದುದಿಲ್ಲ.