ಬಿಸಿಲಿನ ಕಾವೂ ಬಿಸಿಲಿನ ಬೆಳಕೂ

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ. ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂಬ ಹಾಸ್ಯೋಕ್ತಿ ಹಳೆಯದು. ಇಂತಹ ಊರಿನಲ್ಲಿ ಮಾಳಿಗೆಯ ಮೇಲೆ ಸೌರಫಲಕಗಳನ್ನು ಹೂಡುವವರು, ಬಿಸಿಲು ಕಾದಷ್ಟೂ ವಿದ್ಯುತ್ತು ಹೆಚ್ಚೆಂದು ನಂಬಿದರೆ ಆಶ್ಚರ್ಯವಿಲ್ಲ. ಆದರೆ ಫಲಕಕ್ಕೆ ಬೇಕಾದುದು ಬಿಸಿಲಿನ ಬೆಳಕು, ಅದರ ಕಾವಲ್ಲ. ಕಾವು ಅದಕ್ಕೆ ಹಗೆಯೇ ಸರಿ.

ಫಲಕದ ಗಾಜಿನಡಿಯಲ್ಲಿರುವುದು ಮರಳಿನಿಂದ ಪಡೆದು ಶುದ್ಧಿಗೊಳಿಸಿದ ಸಿಲಿಕಾನಿನ ತೆಳುಬಿಲ್ಲೆಗಳು, ಇವೇ ಸೌರಕೋಶಗಳು. ಒಂದೊಂದು ಬಿಲ್ಲೆಯಲ್ಲಿಯೂ ಎರಡು ಪದರಗಳು. ಒಂದಕ್ಕೆ ರಂಜಕವನ್ನೂ ಇನ್ನೊಂದಕ್ಕೆ ಬೋರಾನನ್ನೂ ಅತ್ಯಲ್ಪವಾಗಿ ಬೆರೆಸಿರುತ್ತಾರೆ. ಬೆಳಕಿನ ಕಣವು ಬಂದು ತಾಗಿದೊಡನೆ ಎಲೆಕ್ಟ್ರಾನೊಂದು ತನ್ನ ನೆಲೆಯಿಂದ ಕದಲಿ ಬಿಡುಗಡೆ ಹೊಂದುತ್ತದೆ. ಪದರಗಳು ಕೂಡುವ ಗಡಿಯು ಅದನ್ನು ಒಂದೇ ದಿಕ್ಕಿಗೆ ತಳ್ಳುತ್ತದೆ. ಹೀಗೆ ಕೋಟ್ಯನುಕೋಟಿ ಎಲೆಕ್ಟ್ರಾನುಗಳು ತಂತಿಯಲ್ಲಿ ಹರಿಯುವುದೇ ವಿದ್ಯುತ್ಪ್ರವಾಹ. ಈ ನೇರ ಪ್ರವಾಹವನ್ನು ಇನ್‌ವರ್ಟರು ಮನೆಯ ದೀಪ, ಫ್ಯಾನುಗಳಿಗೆ ಒಗ್ಗುವ ಪರ್ಯಾಯ ಪ್ರವಾಹವನ್ನಾಗಿ ಮಾರ್ಪಡಿಸುತ್ತದೆ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯವು ಪ್ರದರ್ಶಿಸಿದ ಸಿಲಿಕಾನ್ ಕೋಶವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡ 6ರಷ್ಟನ್ನು ವಿದ್ಯುತ್ತಾಗಿಸಿತು. ಇಂದಿನ ಒಳ್ಳೆಯ ಫಲಕಗಳು ಶೇಕಡ 20ನ್ನು ದಾಟಿವೆ.

ಇನ್ನು ಕಾವಿನ ಮಾತು. ಕೋಶವು ಬಿಸಿಯಾದಂತೆಲ್ಲ ಅದರ ವೋಲ್ಟೇಜು ಕುಸಿಯುತ್ತದೆ. ಕೋಶದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ಒಂದೊಂದು ಡಿಗ್ರಿಗೂ ಶೇಕಡ 0.3ರಿಂದ 0.4ರಷ್ಟು ಉತ್ಪತ್ತಿ ನಷ್ಟ. ಕಡುಬೇಸಿಗೆಯ ನಡುಹಗಲಲ್ಲಿ ಫಲಕವು 60 ಡಿಗ್ರಿಗೆ ಏರಿತೆಂದರೆ, ಹತ್ತರಲ್ಲಿ ಒಂದು ಪಾಲಿಗೂ ಮಿಗಿಲಾಗಿ ಸೋರಿಹೋಯಿತೆಂದೇ ತಿಳಿಯಬೇಕು. ಅಷ್ಟೇ ಬೆಳಕು ತಂಪಾದ ದಿನದಲ್ಲಿ ಬಿದ್ದರೆ ಫಲ ಹೆಚ್ಚು.

2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯು 3 ಕಿಲೋವಾಟಿನ ಮನೆಫಲಕಗಳಿಗೆ 78,000 ರೂಪಾಯಿಗಳ ಸಹಾಯಧನವನ್ನು ಗೊತ್ತುಮಾಡಿತು. ಆದರೂ ಉಳಿದ ವೆಚ್ಚ ಸಂಸಾರದ ಉಳಿತಾಯದಿಂದಲೇ ಬರಬೇಕಷ್ಟೆ. ಆ ಹಣ ಸಾರ್ಥಕವಾಗಬೇಕಾದರೆ ಮೂರು ಎಚ್ಚರಗಳು ಅಗತ್ಯ. ಫಲಕವನ್ನು ಕಾದ ಮಾಳಿಗೆಗೆ ತಾಗಿಸದೆ, ಅಡಿಯಲ್ಲಿ ಗಾಳಿಯಾಡಲು ತೆರಪು ಬಿಡಬೇಕು. ಬಳ್ಳಾರಿಯು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ, ಫಲಕವನ್ನು ದಕ್ಷಿಣಾಭಿಮುಖವಾಗಿ ಹೆಚ್ಚು ಕಡಿಮೆ ಅಷ್ಟೇ ಓರೆಯಲ್ಲಿ ನಿಲ್ಲಿಸಬೇಕು. ಮೂರನೆಯದು ಧೂಳು. ಸಿರುಗುಪ್ಪದಲ್ಲಿ ಭತ್ತದ ಒಕ್ಕಣೆಯ ಹೊಟ್ಟು, ಕುರುಗೋಡಿನಲ್ಲಿ ಒಣಹೊಲಗಳಿಂದೇಳುವ ಮಣ್ಣು, ಬಳ್ಳಾರಿಯಲ್ಲಿ ಬೀದಿಯ ಕೆಂಧೂಳು. ಯಾವುದು ಕವಿದರೂ ಬೆಳಕಿಗೆ ಅಡ್ಡಿಯೇ. ಗಾಜು ತಣ್ಣಗಿರುವ ಮುಂಜಾನೆಯಲ್ಲಿಯೇ ಅದನ್ನು ತೊಳೆಯಬೇಕು. ಕಾದ ಗಾಜಿಗೆ ತಣ್ಣೀರು ಸುರಿದರೆ ಬಿರುಕು ಬಿಡುವ ಭಯವುಂಟು.

ಬಿಸಿಲು ನಮ್ಮ ಸೀಮೆಗೆ ಕೇಳದೆಯೇ ಬಂದ ಸಂಪತ್ತು. ಅದರ ಬೆಳಕನ್ನು ಬರಮಾಡಿಕೊಂಡು ಕಾವನ್ನು ಸಾಗಹಾಕುವ ಜಾಣ್ಮೆಯಷ್ಟೇ ನಮ್ಮದಾಗಬೇಕು.