ಸರ್ವರಿನ ದೂರನಿಯಂತ್ರಕ ಮತ್ತು ಅದರ ವಿಳಾಸ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ನನ್ನ ವೃತ್ತಿಯ ಕುರಿತು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಆದೇಶಿಸಿದ್ದಾರೆ. ಹಳೆ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಗಣಕಯಂತ್ರಗಳ ಉದ್ಯೋಗದಲ್ಲಿದ್ದಾರೆ. ಆ ಕೆಲಸದ ಒಂದು ಮೂಲೆಯನ್ನಾದರೂ ಊರಿನ ಹಿರಿಯರಿಗೂ ಕಿರಿಯರಿಗೂ ಕನ್ನಡದಲ್ಲಿ ಪರಿಚಯಿಸುವುದು ನನ್ನ ಉದ್ದೇಶ.

ಬ್ಯಾಂಕು, ಆಸ್ಪತ್ರೆ, ರೈಲ್ವೆ ಮುಂತಾದವುಗಳ ಲೆಕ್ಕಪತ್ರಗಳನ್ನು ಹಗಲಿರುಳು ಹೊತ್ತು ನಡೆಸುವ ಗಣಕಗಳೇ ಸರ್ವರುಗಳು. ಅವು ಇರುವ ಊರೊಂದು, ನೋಡಿಕೊಳ್ಳುವವರ ಊರು ಇನ್ನೊಂದು. ನಡುರಾತ್ರಿಯಲ್ಲಿ ಸರ್ವರು ಸ್ತಬ್ಧವಾದರೆ ಅದನ್ನು ಎಬ್ಬಿಸುವವರು ಯಾರು? ಇದಕ್ಕಾಗಿಯೇ ಅದರ ಮುಖ್ಯ ಫಲಕದಲ್ಲಿ ಇನ್ನೊಂದು ಪುಟ್ಟ ಗಣಕವಿರುತ್ತದೆ. ಅದರ ಹೆಸರು ಬೇಸ್‌ಬೋರ್ಡ್ ಮ್ಯಾನೇಜ್‌ಮೆಂಟ್ ಕಂಟ್ರೋಲರ್, ಅಂದರೆ ಬಿ.ಎಂ.ಸಿ. ಸರ್ವರು ನಿಂತಿದ್ದರೂ ವಿದ್ಯುತ್ ತಂತಿ ಸಿಕ್ಕಿಸಿದ್ದರೆ ಸಾಕು, ಇದು ಎಚ್ಚರವಾಗಿರುತ್ತದೆ. ಇದರ ಮೂಲಕ ದೂರದಿಂದಲೇ ಯಂತ್ರವನ್ನು ಚಾಲೂ ಮಾಡಬಹುದು, ನಿಲ್ಲಿಸಬಹುದು, ಒಳಗಿನ ಉಷ್ಣತೆಯನ್ನು ತಿಳಿಯಬಹುದು. ಇಂತಹ ನಿರ್ವಹಣೆಗೆ 1998ರಲ್ಲಿ ಇಂಟೆಲ್, ಡೆಲ್, ಹ್ಯೂಲೆಟ್ ಪ್ಯಾಕರ್ಡ್ ಮತ್ತು ಎನ್.ಇ.ಸಿ. ಸಂಸ್ಥೆಗಳು ರೂಪಿಸಿದ ಸಮಾನ ನಿಯಮಾವಳಿಯೇ ಐ.ಪಿ.ಎಂ.ಐ.

ಈ ನಿಯಂತ್ರಕಕ್ಕೆ ಸರ್ವರಿನದಲ್ಲದ, ತನ್ನದೇ ಆದ ವಿಳಾಸ ಬೇಕು. ತಿಳಿಸಬೇಕಾದ ಸಂಗತಿಗಳು ಮೂರು. ಐ.ಪಿ. ವಿಳಾಸವೆಂಬುದು ಮನೆಯ ಹೆಸರಿದ್ದಂತೆ. ನೆಟ್‌ಮಾಸ್ಕ್ ಎಂಬುದು ಯಾವ ಮನೆಗಳು ನಮ್ಮ ಗ್ರಾಮದೊಳಗಿವೆ ಎಂದು ತಿಳಿಸುವ ಗಡಿ. ಗೇಟ್‌ವೇ ಎಂಬುದು ಪರ ಊರಿನ ಕಾಗದಗಳನ್ನು ಸಾಗಿಸುವ ಅಂಚೆ ಕಚೇರಿ. ಗೇಟ್‌ವೇ ತಪ್ಪಿದರೆ ಪಕ್ಕದ ಯಂತ್ರದಿಂದ ನೋಡುವಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ದೂರದ ಊರಿಗೆ ಮಾತ್ರ ಉತ್ತರ ಬಾರದು. ಆದುದರಿಂದ ಬೇರೊಂದು ಜಾಲದಿಂದ ಪರೀಕ್ಷಿಸಿದ ಹೊರತು ಕೆಲಸ ಮುಗಿಯಿತೆನ್ನಬಾರದು.

ವಿಳಾಸವನ್ನು ಡಿ.ಎಚ್.ಸಿ.ಪಿ. ಎಂಬ ವ್ಯವಸ್ಥೆಯೂ ತಾನಾಗಿ ಹಂಚುತ್ತದೆ. ಆದರೆ ಅದು ಬದಲಾಗುವ ಸಂಭವವಿರುವುದರಿಂದ ಆಪತ್ಕಾಲಕ್ಕೆ ಸ್ಥಿರ ವಿಳಾಸವೇ ಲೇಸು. ಲಿನಕ್ಸ್ ಇರುವ ಸರ್ವರಿನಲ್ಲಿ ಐಪಿಎಂಐಟೂಲ್ ಎಂಬ ಸಾಧನದಿಂದ ಮೊದಲು ಈಗಿನ ವಿವರಗಳನ್ನು ಓದಿ ಬರೆದಿಡಬೇಕು. ಬಳಿಕ ವಿಳಾಸದ ಮೂಲವನ್ನು ಸ್ಥಿರವೆಂದು ಬದಲಿಸಿ, ವಿಳಾಸ, ನೆಟ್‌ಮಾಸ್ಕ್, ಗೇಟ್‌ವೇಗಳನ್ನು ಕ್ರಮವಾಗಿ ತುಂಬಬೇಕು. ಇದನ್ನು ಸರ್ವರಿನೊಳಗಿನಿಂದಲೇ ಮಾಡುವುದು ಕ್ಷೇಮ. ನಿಯಂತ್ರಕದ ಜಾಲದ ಮೂಲಕವೇ ಮಾಡಹೊರಟರೆ ವಿಳಾಸ ಬದಲಾದೊಡನೆ ನಮ್ಮ ಸಂಪರ್ಕವೇ ಕಡಿದುಹೋಗುತ್ತದೆ.

ಇನ್ನು ಮುಖ್ಯವಾದ ಎಚ್ಚರಿಕೆ. ಅನೇಕ ಸರ್ವರುಗಳಲ್ಲಿ ನಿಯಂತ್ರಕಕ್ಕೆಂದೇ ಪ್ರತ್ಯೇಕ ಜಾಲದ್ವಾರವಿದೆ. ಅಲ್ಲಿ ತಂತಿ ಇಲ್ಲವಾದರೆ ಕೆಲವು ಯಂತ್ರಗಳಲ್ಲಿ ನಿಯಂತ್ರಕವು ಸರ್ವರಿನ ಸಾಮಾನ್ಯ ದ್ವಾರವನ್ನೇ ತಾನಾಗಿ ಹಂಚಿಕೊಳ್ಳುತ್ತದೆ. ಆ ದ್ವಾರ ಅಂತರಜಾಲದತ್ತ ತೆರೆದಿದ್ದರೆ ಹಿತ್ತಿಲ ಬಾಗಿಲು ಬೀದಿಗೆ ತೆರೆದಂತೆಯೇ ಸರಿ. ಐ.ಪಿ.ಎಂ.ಐ. 2.0 ನಿಯಮದಲ್ಲಿಯೇ ಒಂದು ದೌರ್ಬಲ್ಯವಿರುವುದು 2013ರಲ್ಲಿ ಪ್ರಕಟವಾಯಿತು: ಒಳಬರಲು ಕೇಳಿದವನಿಗೆ, ಅವನು ಯಾರೆಂದು ಖಚಿತವಾಗುವ ಮೊದಲೇ, ಗುಪ್ತಪದವನ್ನು ಊಹಿಸಿ ತಾಳೆನೋಡಲು ಸಾಕಾಗುವಷ್ಟು ಸುಳಿವು ದೊರೆಯುತ್ತದೆ. ಆದಕಾರಣ ಜಾಲದ್ವಾರವನ್ನು ‘ಪ್ರತ್ಯೇಕ’ವೆಂದೇ ನಿಗದಿಪಡಿಸಬೇಕು, ನಿರ್ವಹಣೆಗೆಂದೇ ಮೀಸಲಾದ ಒಳಜಾಲದಲ್ಲಿ ಅದನ್ನಿಡಬೇಕು, 623ನೆಯ ಯು.ಡಿ.ಪಿ. ಪೋರ್ಟನ್ನು ಹೊರಗಿನವರಿಗೆ ಮುಚ್ಚಬೇಕು. ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಮೊದಲ ದಿನವೇ ಬದಲಿಸಬೇಕು.

ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ಮಕ್ಕಳು ಈ ವಿದ್ಯೆ ತಮಗೆ ಎಟುಕದೆಂದು ಅಳುಕಬೇಕಾಗಿಲ್ಲ. ಮನೆ, ಗಡಿ, ಅಂಚೆ, ಬಾಗಿಲು ಇವುಗಳನ್ನು ಬಲ್ಲವರಿಗೆ ಇದರ ತಿರುಳು ಆಗಲೇ ತಿಳಿದಿದೆ, ಉಳಿದುದು ಅಭ್ಯಾಸ.